ಮೂರು ಅರ್ಧಗಳ ಲೆಕ್ಕ

ಮಾರ್ಚ್ 3, ಮಂಗಳವಾರ

ಶರ್ಟುಗಳಿಗೆ ಕಾಜಾ ಹೊಲಿಯುತ್ತ ಕೂತರೂ ಮನಸ್ಸು ನಿಲ್ಲಲಿಲ್ಲ. ಹೊಲಿದದ್ದನ್ನೇ ಬಿಚ್ಚಿದೆ. ಶುಕ್ರವಾರ ಅಮ್ಮನ ಹಾರ್ಟ್ ಆಪರೇಷನ್. ಮುಂದೆ ಹಾಕಿದರೆ ಜೀವಕ್ಕೆ ಅಪಾಯ ಅಂದಿದ್ದಾರೆ ಡಾಕ್ಟರು. ಅಮ್ಮನದು ಒಂದೇ ಹಟ: "ಮೂರು ಗಂಡುಮಕ್ಕಳೂ ಒಟ್ಟಿಗೆ ಬಂದು ನನ್ನೆದುರು ನಿಲ್ಲಲಿ. ಆಮೇಲೆ ಬೇಕಾದ್ರೆ ಕೊಯ್ಯಿರಿ." ಮನೆ ಪಾಲಾದಾಗಿನಿಂದ ಅವರೊಳಗೆ ಮಾತಿಲ್ಲ, ಕತೆಯಿಲ್ಲ. ಬೇಕರಿಯ ಅಣ್ಣ, ಡ್ರೈವರ್ ತಮ್ಮ, ಲೇತ್ ಕೆಲಸದ ಚಿಕ್ಕವನು— ಮೂವರಿಗೂ ಫೋನ್ ಮಾಡಿದೆ. ಮೂವರದೂ ಒಂದೇ ರಾಗ. "ನೋಡೋಣ."

ಮಾರ್ಚ್ 4, ಸಂಜೆ

ಮಗಳು ಲೆಕ್ಕದ ಟೀಚರ್. ಮೂವರೂ ಬರೋದನ್ನ ಎಷ್ಟು ನಂಬಬಹುದು ಅಂತ ಅವಳನ್ನೇ ಕೇಳಿದೆ. "ಒಬ್ಬೊಬ್ಬ ಮಾವ ಬರೋದೂ ಅರ್ಧ ಅನುಮಾನ ಅಂತಿಟ್ಕೋ" ಅಂದಳು. ಮೂರು ಅರ್ಧ ಸೇರಿ ಒಂದೂವರೆ, ಬಂದೇ ಬರ್ತಾರೆ ಅಂದೆ. ಬಿದ್ದು ಬಿದ್ದು ನಕ್ಕಳು.

"ಕೂಡೋದಲ್ಲಮ್ಮ, ಗುಣಿಸಬೇಕು. ಅರ್ಧ, ಅದರರ್ಧ, ಅದರದೂ ಅರ್ಧ. ಮೂವರೂ ಬರೋದು ಎಂಟರಲ್ಲಿ ಒಂದೇ ಪಾಲು."

"ಗುಣಿಸಿದ್ರೆ ಹೆಚ್ಚಬೇಕು ಕಣೇ!"

"ಇಲ್ಲಿ ಸವೆಯುತ್ತೆ. ಒಬ್ಬ ಬರ್ತಾನೋ ಬಿಡ್ತಾನೋ, ಇನ್ನೊಬ್ಬನಿಗೆ ಗೊತ್ತೇ ಆಗಲ್ಲ ತಾನೆ? ಅದಕ್ಕೇ ಗುಣಿಸೋದು."

ದೇವರ ಮುಂದೆ ಕೂತೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಎಂಟರಲ್ಲಿ ಒಂದು ಪಾಲಂತೆ ತಂದೇ... ಗೊತ್ತಾಗದ್ದಕ್ಕೇ ಈ ಗುಣಾಕಾರ. ಗೊತ್ತುಮಾಡಿಸಿದರೆ?

ಮಾರ್ಚ್ 5

ಸುಳ್ಳು ಹೇಳಿದೆ. ಮೂವರಿಗೂ. "ಇನ್ನಿಬ್ಬರು ಒಪ್ಪಿಯಾಯ್ತು, ನೀನೊಬ್ಬನೇ ಬಾಕಿ." ಡ್ರೈವರ್ ಉರಿದುಬಿದ್ದ: "ಹಾಗಾದ್ರೆ ನಾನೊಬ್ನೇ ಕೆಟ್ಟವನಾಗ್ಲಾ ಅಕ್ಕಾ?" ಸಂಜೆ ದೇವರಿಗೆ ದೀಪ ಹಚ್ಚಲು ಕೈ ಬರಲಿಲ್ಲ.

ಮಾರ್ಚ್ 6, ಬೆಳಿಗ್ಗೆ 7, ಆಸ್ಪತ್ರೆ

ಅಣ್ಣ ಬಂದ. ಡ್ರೈವರ್ ಬಂದ. ಒಬ್ಬ ಕಿಟಕಿಗೆ, ಒಬ್ಬ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಚಿಕ್ಕವನ ಸುಳಿವಿಲ್ಲ.

7.40

ನರ್ಸ್ ಅವಸರ ಮಾಡುತ್ತಿದ್ದಾಳೆ. ಅಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಒಲ್ಲಳು. ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ. "ಅವನು ಒಪ್ಪಿದ್ದಾನೆ ಅಂದ್ಯಲ್ಲೇ?"

ನಿಜ ಹೇಳಿಬಿಟ್ಟೆ. ಇಬ್ಬರಿಗೂ ಹೀಗೇ ಹೇಳಿ ಕರೆಸಿದ್ದೆ ಅಂತಲೂ. ಹೊರಟೇ ಹೋಗುತ್ತಾರೆ ಅಂದುಕೊಂಡೆ. ಅಣ್ಣ ಗೋಡೆಯ ಕಡೆ ನಿಂತಿದ್ದ ಡ್ರೈವರ್‌ನತ್ತ ತಿರುಗಿದ. "ನಿನ್ಹತ್ರ ಅವನ ನಂಬರ್ ಇದೆಯೇನೋ?" ಎಷ್ಟು ವರ್ಷಕ್ಕೆ, ದೇವರೇ!

"ಇದೆ. ಯಾವತ್ತೂ ಮಾಡಿಲ್ಲ."

"ಮಾಡು. ಸ್ಪೀಕರ್ ಹಾಕು."

ರಿಂಗಾಯಿತು... ಆಗುತ್ತಲೇ ಇತ್ತು... ಎತ್ತಿದ.

"ಗೇಟಲ್ಲೇ ನಿಂತಿದ್ದೀನಿ ಆಗಿನಿಂದ. ನೀವಿಬ್ರೂ ನಿಜವಾಗ್ಲೂ ಒಟ್ಟಿಗಿದ್ದೀರಾ?"

ಡ್ರೈವರ್ ಅಣ್ಣನ ತೋಳು ಹಿಡಿದ. ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದು ಗೇಟಿನ ಕಡೆ ಓಡಿದರು.