ಕೈ ತೊಳೆಯದೆ ಒಳಗೆ ಬಂದ ದಿನ

ಫೆಬ್ರವರಿ ೧೧, ಮಧ್ಯಾಹ್ನ

ನನ್ನ ದನದ ಡಾಕ್ಟ್ರೇ,

ಹೀಗೆ ಕರೆದು ಎರಡು ವರ್ಷವಾಯಿತು, ಅಲ್ಲವೇ? ವಾರ್ಡಿನೊಳಗೆ ನನ್ನನ್ನು ಬಿಡುತ್ತಿಲ್ಲ. ಇದನ್ನು ಓದಿ ಹೇಳಲು ನರ್ಸ್ ಒಪ್ಪಿದ್ದಾಳೆ. ‘ಒಳಗೆ ಹೋದ ಕಾಗದ ವಾಪಸ್ ಬರಲ್ಲ ಅಕ್ಕ, ಸುಟ್ಟುಬಿಡ್ತೀವಿ’ ಎಂದಳು. ಒಳ್ಳೆಯದೇ ಆಯಿತು.

ನಾವು ಬೇರೆಯಾದದ್ದು ಯಾವುದಕ್ಕೆ ಎಂದರೆ ಜನ ನಕ್ಕಾರು. ಬಾಗಿಲಲ್ಲಿ ಬಕೆಟ್ಟು, ಸೋಪು, ಬೇರೆ ಬಟ್ಟೆ. ಕೊಟ್ಟಿಗೆಯಿಂದ ಬಂದ ನೀವು ಅದೆಲ್ಲ ಮುಗಿಸದೆ ಹೊಸ್ತಿಲು ದಾಟುವಂತಿರಲಿಲ್ಲ. ‘ನಾನೇನು ಗಂಡನೋ, ರೋಗಾಣುವೋ, ಸೋಪಮ್ಮ?’ ಎಂದು ಕೇಳಿದಿರಿ. ‘ಎರಡೂ’ ಎಂದೆ. ಮಾರನೆಯ ದಿನವೇ ದನದಾಸ್ಪತ್ರೆಯ ಕ್ವಾರ್ಟರ್ಸಿಗೆ ಹಾಸಿಗೆ ಸಾಗಿಸಿದಿರಿ. ನಾನು ತಮಾಷೆಗೆ ಅಂದೆನೇ? ಇವತ್ತಿಗೂ ಗೊತ್ತಿಲ್ಲ.

ಹತ್ತು ದಿನದ ಹಿಂದೆ ಬೆಕ್ಕು ಮಂಕಾಗಿದೆ ಎಂದು ಫೋನ್ ಮಾಡಿದ ತಕ್ಷಣ ಓಡಿ ಬಂದಿರಿ. ಬಂದವರು ಬಾಗಿಲಲ್ಲೇ ನಿಂತು ಬಕೆಟ್ಟಿಗಾಗಿ ಕಣ್ಣಾಡಿಸಿದಿರಿ. ‘ಇವತ್ತು ಬಿಡಿ, ನಮ್ಮನೆ ಬೆಕ್ಕು ತಾನೆ, ಬನ್ನಿ’ ಎಂದೆ. ಗ್ಲೌಸು ಗಾಡಿಯಲ್ಲೇ ಉಳಿಯಿತು. ಬೆಕ್ಕು ನೇರ ನಿಮ್ಮ ಮುಖಕ್ಕೇ ಸೀನಿತು. ‘ನೋಡೇ, ನಿನಗಿಂತ ಇವಳೇ ವಾಸಿ, ಬರಮಾಡ್ಕೊಳ್ತಿದಾಳೆ’ ಎಂದು ನಕ್ಕಿರಿ. ಅದೇ ಕೈಯಲ್ಲಿ ಬಿಸ್ಕತ್ತು ತಿಂದಿರಿ. ತೊಳೆದುಕೊಳ್ಳಿ ಎನ್ನದೆ ಇನ್ನೊಂದನ್ನೂ ಕೊಟ್ಟೆ. ಕ್ಷಮೆ ಕೇಳಲು ನನಗೆ ತಿಳಿದದ್ದು ಅದೊಂದೇ ದಾರಿ.

ಬೆಕ್ಕು ಸತ್ತಿತು. ನೀವು ಮಲಗಿದಿರಿ. ಹಕ್ಕಿಜ್ವರ ಎಂದು ಗೊತ್ತಾದ ಮೇಲೆ ಅಧಿಕಾರಿಗಳು ನೀವು ಹೋಗಿಬಂದ ಕೋಳಿ ಫಾರಂಗಳನ್ನೆಲ್ಲ ಜಾಲಾಡಿದರು. ಎಲ್ಲೂ ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಇಂದು ಬೆಳಿಗ್ಗೆ ನಾನೇ ಹೋಗಿ ಬೆಕ್ಕನ್ನು ಹೂತ ಜಾಗ ತೋರಿಸಿದೆ. ಅದಕ್ಕೆಲ್ಲಿಂದ ಬಂತು ಎಂದರು. ಅದನ್ನೂ ಹೇಳಿದೆ. ನನ್ನ ಮೂಗಿಗೂ ಕಡ್ಡಿ ಹಾಕಿ ಪರೀಕ್ಷೆಗೆ ಕಳಿಸಿದ್ದಾರೆ.

ಹೇಗಾದರೂ ಉಸಿರಾಡಿ. ಮನೆಗೆ ಬನ್ನಿ. ಬಕೆಟ್ಟು ಬಾಗಿಲಲ್ಲೇ ಇದೆ, ಈ ಸಲ ನಮ್ಮಿಬ್ಬರಿಗೂ.

ನಿಮ್ಮ
ಸೋಪಮ್ಮ

ನಿಮ್ಮಿಂದ ಮುಚ್ಚಿಟ್ಟ ಮಾತೊಂದು ಉಳಿದಿದೆ: ಮಂಕಾಗುವ ಮುಂಚೆ ಬೆಕ್ಕು ಸತ್ತ ಕಾಗೆಯೊಂದನ್ನು ಅಂಗಳಕ್ಕೆ ಕಚ್ಚಿ ತಂದಿತ್ತು. ‘ಹೊರಗೇನಾದ್ರೂ ತಿಂದಿತ್ತಾ?’ ಎಂದು ಫೋನಿನಲ್ಲಿ ನೀವು ಕೇಳಿದಿರಿ. ಇಲ್ಲ ಎಂದೆ. ಕಾಗೆ ಎಂದಿದ್ದರೆ ಮಾಸ್ಕು, ಗ್ಲೌಸು ಹಾಕಿಕೊಂಡು ಡಾಕ್ಟರು ಬರುತ್ತಿದ್ದರು. ನನಗೆ ನೀವು ಬೇಕಾಗಿತ್ತು.