ಹೊಸ ಮೆಟ್ಟಿಲು

ಅಕ್ಟೋಬರ್ ೧೭, ಶುಕ್ರವಾರ. ವಾಲ್ನಟ್ ಕ್ರೀಕ್.

ಆ ಮೆಟ್ಟಿಲು ತಲೆಯಿಂದ ಹೋಗುತ್ತಲೇ ಇಲ್ಲ.

ನದೀಮುಖದ ಡೆಲ್ಟಾದಲ್ಲಿ ರೈತ ಹೆಂಗಸು ಡೆನೀಸಳ ಜೋಳದ ಹೊಲ ನದಿಗಿಂತ ಎಷ್ಟೋ ಕೆಳಗಿದೆ, ಮಣ್ಣಿನ ಒಡ್ಡೊಂದೇ ನೀರನ್ನು ತಡೆದಿದೆ. ನೀರು ಬಸಿದು ಉತ್ತ, ಕೊಳೆತ ಜೊಂಡಿನಿಂದಾದ ಮೆತ್ತನೆಯ ಪೀಟ್ ಮಣ್ಣು ಅವಳ ಅಜ್ಜನ ಕಾಲದಿಂದಲೂ ಸವೆದು ಕುಸಿಯುತ್ತಿದೆ. ನೆಲ ಎತ್ತರಿಸಲೆಂದು ನಾವು ಆಫೀಸಿನವರು ನದಿಯ ಹೂಳೆತ್ತಿ ಅವಳ ಅಂಗಳದವರೆಗೂ ಹರಡಿದ್ದೇವೆ. ಅಳತೆಯ ಗೂಟಗಳ ಮೇಲೆ ಹೂಳಿನ ಗುರುತು ಸ್ವಲ್ಪವೂ ಇಳಿದಿಲ್ಲ. ಇವತ್ತು ಖುಷಿಯಿಂದಲೇ ನೋಡಲು ಹೋಗಿದ್ದೆ.

ಅವಳ ಮನೆ ಆಳದ ಗಟ್ಟಿ ಜೇಡಿಮಣ್ಣಿಗೆ ಊರಿದ ಕಂಬಗಳ ಮೇಲಿದೆ, ಕುಸಿಯುವುದಿಲ್ಲ. ಅಂಗಳ ಕೆಳಗೆ ಹೋದಂತೆಲ್ಲ ಬಾಗಿಲಿಗೆ ಇನ್ನೊಂದು ಮೆಟ್ಟಿಲು ಸೇರಿಸುವುದು ಅಲ್ಲಿನವರ ರೂಢಿ. ಇವತ್ತು ಎಲ್ಲಕ್ಕಿಂತ ಕೆಳಗೆ ಹೊಸ ಹಲಗೆಯದೊಂದು ಇತ್ತು. "ಮಂಡಿನೋವು, ಕಾಲು ಕೆಳಗೆ ಎಟುಕ್ತಿರಲಿಲ್ಲ," ಎಂದಳು. ನಾನು ತಲೆಯಾಡಿಸಿದೆ.

ಮನೆಗೆ ಬರುವಾಗ ಫ್ರೀವೇ ಮೇಲೆ ತಲೆಗೆ ಹೊಳೆಯಿತು: ಹೂಳು ಹರಡಿದ ಮೇಲೂ ಮೆಟ್ಟಿಲು ಬೇಕಾಯಿತೆಂದರೆ ಅಂಗಳ ಇನ್ನೂ ಇಳಿಯುತ್ತಿದೆ. ನಮ್ಮ ಆಫೀಸಿನ ಮುಖ್ಯಸ್ಥ ಜಯರಾಜ್ ನೆಡಿಸಿದ ಗೂಟಗಳು ಪೀಟಿನಲ್ಲೇ ನಿಂತಿವೆ. ಹೂಳಿನ ಭಾರಕ್ಕೆ ನೆಲ ಕುಸಿದರೆ ಗೂಟವೂ ಜೊತೆಗೇ ಇಳಿಯುತ್ತದೆ. ಗುರುತು ಇದ್ದಲ್ಲೇ ಇರುತ್ತದೆ.

ಅವನಿಗೆ ಫೋನ್ ಮಾಡಿದೆ.

"ರೀಡಿಂಗು ಸ್ಟೇಬಲ್ ಇದೆಯಲ್ಲ ಸೌದಾಮಿನಿ. ಸೋಮವಾರ ಇನ್ನೊಂದು ಬಾರ್ಜು ದೋಣಿ ತುಂಬ ಹೂಳು ಬರತ್ತೆ."

"ಗೂಟಾನೂ ಇಳೀತಿದ್ರೆ?"

ಅವನಿಗೂ ಅರ್ಥವಾಗಿತ್ತು. "ದುಡ್ಡು ಕೊಡೋರ ಜೊತೆಗಿನ ಮೀಟಿಂಗು ಮುಗೀಲಿ, ಆಮೇಲೆ ನೋಡೋಣ," ಎಂದ.

ನನ್ನ ಗಂಡ ಸಂದೇಶ್ ಮಲಗು ಎನ್ನುತ್ತಾನೆ. ಹೇಗೆ ಮಲಗಲಿ? ನೆಲ ಇಳಿದಷ್ಟೂ ಒಡ್ಡಿನ ಮೇಲೆ ನದಿಯ ಒತ್ತಡ ಹೆಚ್ಚು, ಆ ಒಡ್ಡಿನ ಕೆಳಗೇ ಡೆನೀಸ್ ಮಲಗಿದ್ದಾಳೆ. ಬೆಳಿಗ್ಗೆ ಮೊದಲು ಅವಳಿಗೇ ಹೇಳಬೇಕು, ಜಯರಾಜ್ ಏನಾದರೂ ಅಂದುಕೊಳ್ಳಲಿ.

ಹೊರಡುವಾಗ ಕೇಳಿದ್ದಳು, ಈಗ ಕುಸಿತ ನಿಂತಿದೆ ತಾನೆ ಎಂದು. ಹೌದು ಎಂದೆ. ಹಾಗೆನ್ನುವಾಗ ನನ್ನ ಎರಡೂ ಕಾಲು ಆ ಹೊಸ ಹಲಗೆಯ ಮೇಲೇ ಇದ್ದವು.