ನನಗೆ ಬಾರದ ಕಾಮಾಲೆ

ಅಪ್ಪಾ,

ಊರಿಗೆಲ್ಲ ನೀವು ಹೆಡ್ ಮೇಷ್ಟ್ರು. ಅಮ್ಮ ಕೂಡ ನಿಮ್ಮನ್ನು ಮೇಷ್ಟ್ರು ಅಂತಲೇ ಕರೆದು ಬಾಳಿದಳು. ಅಪ್ಪಾ ಎಂದು ಕರೆದವರು ನಾನು, ತಮ್ಮ ಇಬ್ಬರೇ. ಆ ಹಕ್ಕಿನಿಂದಲೇ ಇವತ್ತು ಜಗಳಕ್ಕೆ ಕೂತಿದ್ದೇನೆ. ನೀವು ಹೋಗಿ ಮೂರು ವರ್ಷವಾದ ಮೇಲೆ ಇದೆಂಥ ಜಗಳ ಅನ್ನಬೇಡಿ. ವಿಷಯ ನನಗೆ ತಿಳಿದದ್ದೇ ಈ ಸಲದ ನಿಮ್ಮ ತಿಥಿಯ ದಿನ. ಮುಚ್ಚಿಟ್ಟವರು ನೀವು, ತಡ ಮಾಡಿದವಳು ನಾನಲ್ಲ.

ನಾನು ಐದನೇ ಕ್ಲಾಸಿಗೆ ಬಂದ ವರ್ಷ ನಿಮಗೆ ನೆನಪಿರಲೇಬೇಕು. ಶಿರಂಗಾಲದ ಕಡೆಯ ನಮ್ಮೂರ ಶಾಲೆಗೆ ನೀವೇ ಹೆಡ್ ಮೇಷ್ಟ್ರು, ನಾನು ಮೂರನೇ ಬೆಂಚಿನಲ್ಲಿ ಕಿವಿ ಮುಚ್ಚಿಕೊಂಡು ಕೂರುವ ಹುಡುಗಿ. ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಕೂಗಿದರೆ ನನಗೆ ವಾಂತಿ ಬರುತ್ತಿತ್ತು. ಊಟದ ಬೆಲ್ ಹೊಡೆದರೆ ಬೆಂಚಿನ ಕೆಳಗೆ ನುಗ್ಗುತ್ತಿದ್ದೆ. ಒಂದು ದಿನ ನೀವು ನನ್ನನ್ನು ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಿರಿ. ಅವರು ನನಗೆ ಮರದ ಬಿಲ್ಲೆಗಳನ್ನು ಕೊಟ್ಟು ಜೋಡಿಸಲು ಹೇಳಿದರು, ನಿಮ್ಮ ಜೊತೆ ತುಂಬ ಹೊತ್ತು ಮಾತಾಡಿದರು. ವಾಪಸ್ ಬಂದ ಮಾರನೇ ದಿನ ನೀವು ಹೇಳಿದಿರಿ, ನಿನಗೆ ಕಾಮಾಲೆ ಆಗಿದೆ, ವಾಸಿಯಾಗುವವರೆಗೆ ಶಾಲೆ ಬೇಡ ಅಂತ. ಕಾಮಾಲೆ ನೋಡಲು ಮರದ ಬಿಲ್ಲೆ ಯಾಕೆ ಎಂದು ಕೇಳುವಷ್ಟು ಬುದ್ಧಿ ನನಗಾದರೂ ಎಲ್ಲಿತ್ತು?

ಅಮ್ಮ ಬೆಳಗ್ಗೆ ಎದ್ದು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದಳು. ಎಣ್ಣೆ ಇಲ್ಲ, ಖಾರ ಇಲ್ಲ. ಗೌರಿ ಹಬ್ಬಕ್ಕೆ ತಮ್ಮ ಕಜ್ಜಾಯ ತಿನ್ನುವಾಗ ನನ್ನ ತಟ್ಟೆಯಲ್ಲಿ ಗಂಜಿ. ನೋಡಲು ಬಂದವರು ನನ್ನ ರೆಪ್ಪೆ ಎಳೆದು ಕಣ್ಣು ನೋಡಿ, ಇನ್ನೂ ಸ್ವಲ್ಪ ಹಳದಿ ಐತೆ ಅನ್ನುತ್ತಿದ್ದರು. ಅವರಿಗೆ ಯಾವ ಹಳದಿ ಕಾಣುತ್ತಿತ್ತೋ. ಎರಡು ಸಲ ಕಾಮಾಲೆ ಮರುಕಳಿಸಿತು ಎಂದು ನೀವು ಊರಿಗೆ ಹೇಳಿದಿರಿ. ಹಾಗೆ ಒಂದು ಇಡೀ ವರ್ಷ.

ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬಂದು, ಕೈಕಾಲು ತೊಳೆದು, ಜಗುಲಿಯಲ್ಲಿ ನನ್ನೆದುರು ಕೂರುತ್ತಿದ್ದಿರಿ. ಕುಶಾಲನಗರದ ಬಸ್ಸು, ಕೊಣನೂರಿನ ಬಸ್ಸು ಎಷ್ಟೆಷ್ಟು ಹೊತ್ತಿಗೆ ಬರುತ್ತವೆ ಎಂಬ ನನ್ನ ಹುಚ್ಚನ್ನೇ ಹಿಡಿದುಕೊಂಡು ಭಿನ್ನರಾಶಿ ಕಲಿಸಿದಿರಿ. ಮುಖ ನೋಡಿ ಮಾತಾಡು ಅನ್ನಲಿಲ್ಲ. ಗೋಡೆ ನೋಡಿಕೊಂಡು ಉತ್ತರ ಹೇಳಿದರೂ ಸರಿ ಅಂದಿರಿ. ನಾನು ಮೊದಲ ಕಥೆ ಬರೆದದ್ದು ಆ ವರ್ಷ. ನನ್ನ ಬಾಲ್ಯದಲ್ಲಿ ಭಯವಿಲ್ಲದೆ ಎದ್ದ ಬೆಳಗುಗಳೆಲ್ಲ ಆ ವರ್ಷದವೇ, ಅಪ್ಪಾ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು. ನಿಮಗೆ ಬರುತ್ತಿತ್ತು. ಹೇಗೆ ಕಲಿಸಬೇಕು ಎಂದು ನಿಮಗೆ ಚೆನ್ನಾಗಿಯೇ ಗೊತ್ತಿತ್ತು.

ಮುಂದಿನ ಜೂನ್‌ನಲ್ಲಿ, ವಾಸಿಯಾಯಿತು, ಇನ್ನು ಎಲ್ಲರ ಹಾಗೆ ಶಾಲೆಗೆ ಹೋಗು ಎಂದಿರಿ. ಹೋದೆ. ಅದೇ ಬೆಲ್, ಅದೇ ಮಗ್ಗಿ, ಅದೇ ವಾಂತಿ. ನಾನು ಏನಂದುಕೊಂಡೆ ಗೊತ್ತಾ? ರೋಗ ಹೋಗಿದೆ, ಔಷಧಿ ಕುಡಿದಾಗಿದೆ, ಪಥ್ಯ ಮಾಡಿಯಾಗಿದೆ, ಆದರೂ ನಾನು ಸರಿಯಾಗಿಲ್ಲ. ಹಾಗಾದರೆ ತಪ್ಪು ನನ್ನದೇ, ಬೇಕೆಂದೇ ಹೀಗೆ ಮಾಡುತ್ತಿದ್ದೇನೆ. ಹತ್ತು ವರ್ಷದ ಹುಡುಗಿ ಇನ್ನೇನು ಅಂದುಕೊಳ್ಳುತ್ತಾಳೆ? ವಾಸಿಯಾಗುವ ರೋಗದ ಹೆಸರನ್ನೇ ಹುಡುಕಿ ಕೊಟ್ಟಿರಲ್ಲ, ಯಾಕೆ?

ತಿಥಿಯ ದಿನ ಏನಾಯಿತು ಹೇಳುತ್ತೇನೆ. ಎಲೆ ಎತ್ತಿದ ಮೇಲೆ ಎಲ್ಲರೂ ಜಗುಲಿಯಲ್ಲಿ ಕೂತಿದ್ದರು. ನಿಮ್ಮ ಮೊಮ್ಮಗಳು ನಿಧಿಗೆ ಈಗ ಒಂಬತ್ತು ವರ್ಷ. ಎರಡು ವರ್ಷದಿಂದ ಅವಳಿಗೆ ಮನೆಯಲ್ಲೇ ಪಾಠ. ಶಾಲೆಯಲ್ಲಿ ಮುಖ ನೋಡಿ ಉತ್ತರ ಹೇಳಲಿಲ್ಲವೆಂದು ದಿನಾ ಬಾಗಿಲ ಹೊರಗೆ ನಿಲ್ಲಿಸಿ ನಿಲ್ಲಿಸಿ, ಆ ಮಗು ಅಲ್ಲಿ ಮಾತನ್ನೇ ಬಿಟ್ಟಿತ್ತು. ಮೈಸೂರಿನಲ್ಲಿ ತೋರಿಸಿದಾಗ ಆಟಿಸಂ ಎಂದರು. ಅವಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ನಾನು 'ನಾನೂ ಹಾಗೇ' ಅನ್ನುತ್ತಿದ್ದುದನ್ನು ಕೇಳಿ, ಡಾಕ್ಟರಮ್ಮ ನನ್ನನ್ನೂ ಪರೀಕ್ಷೆ ಮಾಡಿದರು. ನನಗೂ ಅದೇ. ಇದನ್ನೆಲ್ಲ ಚಿಕ್ಕಪ್ಪನಿಗೆ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ. ಅವರು ಎಲ್ಲರ ಮುಂದೆ ಶುರು ಮಾಡಿದರು. "ನಮ್ಮಣ್ಣ ಇದ್ದಿದ್ರೆ ಈ ಮಗೀನ ಕೈ ಹಿಡ್ಕಂಡು ಸ್ಕೂಲಿಗ್ ಬಿಟ್ ಬರೋನು. ನೀನು ಬುಕ್ ಬರೀತೀನಿ ಅಂತ ಮನೇಲ್ ಕೂತ್ಕಂಡು ಮಗೀನ್ ಬಾಳು ಹಾಳ್ಮಾಡ್ತಿದ್ದೀಯ. ಒಂದ್ ಬುಕ್ಕಾದ್ರೂ ಮುಗ್ಸಿದ್ದೀಯಾ?"

ನಾನು ಎದ್ದು ಒಳಗೆ ಹೋದೆ. ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಇದ್ದಿದ್ದರೆ ನಿಜವಾಗಿಯೂ ಹಾಗೇ ಮಾಡುತ್ತಿದ್ದರಾ ಎಂದು ಕೇಳಿದೆ. ಅವಳು ತಲೆಯೆತ್ತದೆ, ನಿನ್ನನ್ನೇ ಒಂದು ವರ್ಷ ಶಾಲೆ ಬಿಡಿಸಿ ತಾವೇ ಕಲಿಸಿರಲಿಲ್ಲವಾ ಎಂದಳು. ಆಗ ನನಗೆ ಕಾಮಾಲೆ ಇತ್ತಲ್ಲಮ್ಮ ಅಂದೆ.

"ಎಲ್ಲಿತ್ತವ್ವಾ ಕಾಮಾಲೆ," ಅಂದಳು.

ಆಮೇಲೆ ಎಲ್ಲವೂ ಬಂತು. ಈ ಮಗು ಬೇರೆ ಥರ, ಗದ್ದಲ ತಡೆಯುವುದಿಲ್ಲ, ಕೆಲವು ಕಾಲ ಮನೆಯಲ್ಲಿಟ್ಟು ಕಲಿಸಿ ಎಂದು ಡಾಕ್ಟರು ಹೇಳಿದ್ದು. ಇಂಗ್ಲಿಷಿನಲ್ಲಿ ಏನೋ ಬರೆದುಕೊಟ್ಟಿದ್ದು. ನೀವು ಅದನ್ನು ವಾಪಸ್ ಬರುವಾಗ, ನಾನು ನಿದ್ದೆ ಹೋದ ಮೇಲೆ, ಬಸ್ಸಿನಲ್ಲೇ ಹರಿದು ಕಿಟಕಿಯಾಚೆ ಎಸೆದದ್ದು. ಹೆಡ್ ಮೇಷ್ಟ್ರ ಮಗಳಿಗೇ ಶಾಲೆ ಆಗಿಬರುವುದಿಲ್ಲ ಅಂದರೆ ಊರವರು ತಮ್ಮ ಮಕ್ಕಳನ್ನು ಕಳಿಸುತ್ತಾರಾ ಎಂದಿರಂತೆ. ನೆಲನೆಲ್ಲಿ ಯಾಕೆ ಕುಡಿಸಿದೆ ಎಂದು ಕೇಳಿದ್ದಕ್ಕೆ ಅಮ್ಮ, ಅಕ್ಕಪಕ್ಕದವರು ನೋಡುತ್ತಿದ್ದರಲ್ಲ, ಕೊಡದೆ ಇದ್ದರೆ ಆಗುತ್ತಿತ್ತಾ ಎಂದು ನನ್ನನ್ನೇ ಕೇಳಿದಳು. ನನಗೆ ಈಗ ನಲವತ್ತೊಂದು, ಅಪ್ಪಾ. ಮೂವತ್ತು ವರ್ಷ ನನ್ನ ಲಿವರ್ ಸರಿಯಿಲ್ಲವೆಂದು ನಂಬಿ ಬದುಕಿದ್ದೇನೆ.

ಕಾಲೇಜು ದಿನಗಳಲ್ಲಿ ಮನೆಗೆ ಯಾರೇ ಬರಲಿ, ನೀವು ನನ್ನನ್ನು ಪರಿಚಯಿಸುತ್ತಿದ್ದ ರೀತಿ ನೆನಪಾಗುತ್ತದೆ. "ನಮ್ಮ ಮಗಳು. ಬರೀತಾಳೆ, ಆದ್ರೆ ಎಲ್ಲಾ ಅರ್ಧಂಬರ್ಧ." ಬಂದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಚಿಕ್ಕಪ್ಪನ ಬಾಯಲ್ಲಿ ಈಗ ಬರುವುದು ನೀವೇ ಕಲಿಸಿಕೊಟ್ಟ ಮಾತು. ಹೌದು, ಅರ್ಧಕ್ಕೆ ನಿಂತವು ಏಳು ಇವೆ. ಹಾಸನದ ಕಡೆಯಿಂದ ಎತ್ತಿನಗಾಡಿಯಲ್ಲಿ ಬಂದು ಇಲ್ಲಿ ನೆಲೆ ನಿಂತ ನಮ್ಮವರ ಕಾದಂಬರಿ ಹನ್ನೊಂದನೇ ಅಧ್ಯಾಯದಲ್ಲಿ ಆರು ವರ್ಷದಿಂದ ನಿಂತಿದೆ. ಎಸ್ಟೇಟಿನ ಕೂಲಿಗಳ ಲೈನ್‌ಮನೆಗಳಲ್ಲಿ ಹೆಂಗಸರು ಹೇಳಿದ ಕಥೆಗಳು ಹದಿನಾಲ್ಕು ನೋಟ್‌ಬುಕ್ಕುಗಳಲ್ಲಿವೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದೆಂದರೆ ನನಗೆ ಹೊರಟ ಬಸ್ಸಿನಿಂದ ಧುಮುಕಿದ ಹಾಗೆ. ಹಾಲು ಉಕ್ಕಿತು, ಬಾಗಿಲು ಬಡಿದರು, ಮಗು ಕರೆಯಿತು, ಮುಗಿಯಿತು. ಆ ವಾಕ್ಯ ಮತ್ತೆ ಸಿಗುವುದಿಲ್ಲ. ಹೀಗೇಕೆ ಆಗುತ್ತದೆ ಎಂದು ತಿಳಿಯದೆ ಸೋಮಾರಿ ಎಂದು ನನ್ನನ್ನು ನಾನೇ ಬೈದುಕೊಂಡ ವರ್ಷಗಳಿವೆಯಲ್ಲ, ಅವನ್ನು ಯಾರು ಕೊಡುತ್ತಾರೆ? ಗೊತ್ತಿದ್ದವರು ನೀವು. ಗೊತ್ತಿದ್ದೂ ನಕ್ಕಿರಿ.

ನಾವೀಗ ಇರುವುದು ನೆಲ್ಯಹುದಿಕೇರಿಯ ಹತ್ತಿರದ ಎಸ್ಟೇಟ್ ಕ್ವಾರ್ಟರ್ಸಿನಲ್ಲಿ. ರೈಟರ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ, ಆದರೆ ಆ ರೈಟರ್ ನಿಮ್ಮ ಅಳಿಯ ಗಿರೀಶ. ಎಸ್ಟೇಟಿನ ಹಾಜರಿ ಬರೆಯುವವನು ಇಲ್ಲಿ ರೈಟರ್, ನಾನು ರೈಟರ ಹೆಂಡತಿ. ಅವನು ಬೆಳಗ್ಗೆ ತೋಟಕ್ಕೆ ಹೋದ ಮೇಲೆ ನಾನು ಮತ್ತು ನಿಧಿ ಇಬ್ಬರೇ. ಒಂಬತ್ತರಿಂದ ಹನ್ನೊಂದೂವರೆವರೆಗೆ ಅವಳ ಪಾಠ, ಆಮೇಲೆ ಒಂದೂವರೆ ಗಂಟೆ ನನ್ನ ಬರವಣಿಗೆ, ಅವಳ ಚಿತ್ರ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆದರೆ ಅವಳಿಗೆ ಬಾಯಲ್ಲಿ ಹೂಂ ಎಂದು ಗುನುಗುತ್ತಾ ಇದ್ದರೇ ತಲೆ ಓಡುವುದು, ನನಗೆ ಆ ಗುನುಗು ಕಿವಿಗೆ ಸೂಜಿ ಚುಚ್ಚಿದ ಹಾಗೆ. ಅವಳು ನಿಲ್ಲಿಸಿದರೆ ಲೆಕ್ಕ ಬರುವುದಿಲ್ಲ, ನಿಲ್ಲಿಸದಿದ್ದರೆ ನನಗೆ ಅಕ್ಷರ ಬರುವುದಿಲ್ಲ. ತಾಯಿ ಮಗಳಿಗೆ ಒಂದೇ ಹೆಸರಿನ ಸ್ಥಿತಿ, ಆದರೆ ಒಬ್ಬಳಿಗೆ ಬೇಕಾದದ್ದು ಇನ್ನೊಬ್ಬಳಿಗೆ ಆಗದು.

ಒಂದು ದಿನ ಬಾಯಿ ಮುಚ್ಚು ಎಂದು ಕಿರುಚಿಬಿಟ್ಟೆ. ಹನ್ನೊಂದನೇ ಅಧ್ಯಾಯ ಆಗಷ್ಟೇ ಅಲುಗಾಡಿತ್ತು. ನಿಧಿ ಬಾಯಿ ಮುಚ್ಚಿದಳು. ಎರಡು ದಿನ ತೆರೆಯಲೇ ಇಲ್ಲ. ಶಾಲೆಯವರನ್ನು ಎಷ್ಟು ಬೈದಿದ್ದೆನೋ, ಅವರು ಮಾಡಿದ್ದನ್ನೇ ನಾನೂ... ಮೂರನೇ ದಿನ ಗಿರೀಶ ತೋಟದಿಂದ ಒಂದು ದಪ್ಪ ಕಿವಿಮುಚ್ಚಳ ತಂದ. ಕಳೆ ಹೊಡೆಯುವ ಯಂತ್ರ ಹಿಡಿಯುವವರು ಹಾಕಿಕೊಳ್ಳುವಂಥದ್ದು. ಅದನ್ನು ಹಾಕಿಕೊಂಡು ನಿಧಿಯ ಮುಂದೆ ಕೂತು, ಈಗ ಎಷ್ಟು ಬೇಕೋ ಅಷ್ಟು ಗುನುಗು ಎಂದೆ. ಅವಳು ನನ್ನ ಸುತ್ತ ಒಂದು ಸುತ್ತು ಬಂದು ನೋಡಿ, ಮೆಲ್ಲಗೆ ಶುರು ಮಾಡಿದಳು. ಅಂಗಳದಲ್ಲಿ ಹೋಗುವ, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಹೆಂಗಸರು ರೈಟರ ಹೆಂಡತಿಯನ್ನು ನೋಡಿ ನಗುತ್ತಾರೆ. ನಗಲಿ.

ಹೋದ ತಿಂಗಳು ಶಿಕ್ಷಣ ಇಲಾಖೆಯಿಂದ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಲು ಒಬ್ಬರು ಮನೆಗೆ ಬಂದರು. ನೋಡಿದರೆ ಮಂಜುನಾಥ. ಐದನೇ ಕ್ಲಾಸಿನಲ್ಲಿ ನನ್ನ ಹಿಂದಿನ ಬೆಂಚು, ನಿಮ್ಮ ಅಚ್ಚುಮೆಚ್ಚಿನ ಶಿಷ್ಯ. ನಿಮ್ಮನ್ನು ನೆನೆದು ಕಣ್ಣು ಒರೆಸಿಕೊಂಡ. ಆಮೇಲೆ ಫಾರಂ ತೆಗೆದು, ಶಾಲೆ ಬಿಟ್ಟ ಕಾರಣ ಎಂಬಲ್ಲಿ ಪೆನ್ನು ನಿಲ್ಲಿಸಿದ. ನಿಧಿ ಪಕ್ಕದಲ್ಲೇ ಕೂತು ಚಿತ್ರ ಬರೆಯುತ್ತಿದ್ದಳು.

"ಅನಾರೋಗ್ಯ ಅಂತ ಬರ್ದುಬಿಡ್ತೀನಿ ಬಿಡಿ, ಯಾರೂ ಕೇಳಲ್ಲ," ಅಂದ. "ನಿಮ್ಗೂ ಚಿಕ್ಕೋರಿದ್ದಾಗ ಕಾಮಾಲೆ ಆಗಿ ಒಂದ್ವರ್ಷ ಮನೇಲಿದ್ರಲ್ಲ. ಆಮೇಲ್ ಸರಿ ಹೋಗ್ಲಿಲ್ವಾ?"

ನಿಧಿಯ ಪೆನ್ಸಿಲ್ ನಿಂತಿತು. ಅವಳು ತಲೆಯೆತ್ತಲಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತು. ನಾನೂ ಹಾಗೇ ಕೇಳಿಸಿಕೊಳ್ಳುವವಳು. ಆ ಒಂದು ಪದ ಬರೆಸಿದ್ದರೆ ನಮಗೆ ಯಾವ ತೊಂದರೆಯೂ ಇರಲಿಲ್ಲ, ಅಪ್ಪಾ. ನೀವು ಎಷ್ಟು ಸುಲಭವಾಗಿ ಆ ಸುಳ್ಳಿಗೆ ಜಾರಿದ್ದಿರೆಂದು ಆಗ ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟೇನೂ ಇಳಿಯಲಿಲ್ಲ.

"ನಂಗೆ ಕಾಮಾಲೆ ಬಂದೇ ಇರ್ಲಿಲ್ಲ, ಮಂಜುನಾಥ," ಅಂದೆ. "ಇವಳಿಗೂ ಯಾವ ರೋಗನೂ ಇಲ್ಲ. ಆಟಿಸಂ ಅಂತ ಬರಿ. ಕೆಳಗೆ, ಶಾಲೆಯವರು ಹೊರಗೆ ನಿಲ್ಸಿದ್ರು, ಅದಕ್ಕೆ ಬಿಡ್ಸಿದ್ವಿ ಅಂತ ಬರಿ. ಜಾಗ ಸಾಲ್ದಿದ್ರೆ ಹಿಂದ್ಗಡೆ ಬರಿ."

ನಾನು ಎಲ್ಲವನ್ನೂ ಹೇಳಿದೆ. ಬಿಲ್ಲೆ, ಬಸ್ಸಿನ ಕಿಟಕಿ, ನೆಲನೆಲ್ಲಿ, ಜಗುಲಿಯ ಪಾಠ. ಕೊನೆಗೆ ಅವನು ನಾನು ಹೇಳಿದ ಹಾಗೇ ಬರೆದ. ಎರಡು ವಾರ ಕಚೇರಿ ಅಲೆದಾಟವಾಯಿತು. ಈಗ ನಿಧಿಯ ಹೆಸರು ಇಲ್ಲಿನ ಸರ್ಕಾರಿ ಶಾಲೆಯ ಪುಸ್ತಕದಲ್ಲಿದೆ, ಕಲಿಕೆ ಮನೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಒಬ್ಬರು ಟೀಚರ್ ಬಂದು ನೋಡಿ ಹೋಗುತ್ತಾರೆ. ನನ್ನ ಹೆಸರಿನ ಮುಂದೆ ಆ ವರ್ಷ ನೀವು ಹಾಜರಿ ಹಾಕಿದ್ದಿರೋ, ಗೈರುಹಾಜರಿ ಹಾಕಿದ್ದಿರೋ?

ಮಂಜುನಾಥ ಹೋದ ಮೇಲೆ ನಿಧಿ ಬಂದು, ಹಾಗಾದರೆ ನನಗೆ ಇರುವುದು ವಾಸಿ ಆಗುವುದಾ ಆಗದಿರುವುದಾ ಎಂದು ಕೇಳಿದಳು. ವಾಸಿ ಆಗುವಂಥದ್ದಲ್ಲ, ಆಗಬೇಕಾದದ್ದೂ ಇಲ್ಲ ಎಂದೆ. ಸ್ವಲ್ಪ ಯೋಚಿಸಿ, ಸರಿ, ಹಾಗಾದರೆ ಕಾಯುವುದು ಬೇಡ ಅಂದು ಚಿತ್ರದ ಹತ್ತಿರ ಹೋದಳು. ನನಗೆ ಅದನ್ನು ಕೇಳಲು ಅವಕಾಶವೇ ಸಿಗಲಿಲ್ಲವಲ್ಲ, ಅಪ್ಪಾ. ಕೇಳಿದ್ದರೆ ನೀವು ಏನು ಹೇಳುತ್ತಿದ್ದಿರೋ... ಮದುವೆಮನೆಗಳಲ್ಲಿ ಊಟದ ಗದ್ದಲಕ್ಕೆ ಮೊದಲೇ ಎದ್ದು ಬರುತ್ತಿದ್ದವರು ನೀವು, ನಿಮಗೂ ಏನಾದರೂ... ಬಿಡಿ. ಅದನ್ನು ಕೇಳುವ ದಾರಿ ಈಗ ಇಲ್ಲ.

ಇನ್ನು ಸುದ್ದಿ. ನಿಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಸಂಪಾದಕ ಮಂಜುನಾಥನೇ. ಮೇಷ್ಟ್ರ ಬಗ್ಗೆ ಮಗಳೇ ಬರೆಯಲಿ ಎಂದು ಕೇಳಿದ. ನನ್ನ ಏಳು ಕೆಲಸಗಳಲ್ಲಿ ಮೂರನ್ನು ಇನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿ ಕಟ್ಟಿಟ್ಟು, ಕಿವಿಮುಚ್ಚಳ ಹಾಕಿಕೊಂಡು, ಒಂಬತ್ತು ದಿನದಲ್ಲಿ ನಾಲ್ಕು ಪುಟ ಬರೆದು ಮುಗಿಸಿ ಕಳಿಸಿದೆ. ಐದನೇ ಕ್ಲಾಸಿನ ವರ್ಷವನ್ನು ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಚಿಕ್ಕಪ್ಪನಿಗೆ ಹೇಗೋ ಗೊತ್ತಾಯಿತು. ಮಂಜುನಾಥನಿಗೆ ಫೋನ್ ಮಾಡಿ, ಸತ್ತವರ ಮರ್ಯಾದೆ ತೆಗೆಯಬೇಡಿ, ಕಾಮಾಲೆಯ ಭಾಗ ಕಿತ್ತುಹಾಕಿ ಎಂದರಂತೆ. ಅವನು ಅಳುಕಿ ಅಮ್ಮನನ್ನು ಕೇಳಿದ. ನಮ್ಮಮ್ಮ ಜೀವಮಾನದಲ್ಲಿ ನಿಮ್ಮ ಮಾತು ಮೀರಿದವಳಲ್ಲ. ಅವಳು ಹೇಳಿದ್ದನ್ನು ಮಂಜುನಾಥ ನನಗೆ ಹಾಗೇ ಒಪ್ಪಿಸಿದ. "ಒಂದಕ್ಷರನೂ ತೆಗೀಬೇಡ ಕಣಪ್ಪ. ನೆಲನೆಲ್ಲಿ ಅರೆದೋಳು ನಾನು. ನನ್ ಹೆಸ್ರನ್ನೂ ಹಾಕು."

ಸಂಚಿಕೆ ಅಚ್ಚಿಗೆ ಹೋಗಿದೆ. ನಿಮ್ಮ ಫೋಟೋದ ಎದುರು ಪುಟದಲ್ಲಿ ನನ್ನ ಬರಹ ಬರುತ್ತದೆ. ಅದರಲ್ಲಿ, ನಾನು ಕಂಡ ಅತ್ಯುತ್ತಮ ಮೇಷ್ಟ್ರು ನೀವೇ ಎಂದೂ ಬರೆದಿದ್ದೇನೆ, ಯಾಕೆಂದರೆ ಅದು ನಿಜ. ಕ್ಷಮಿಸಿದ್ದೇನೆ ಎಂದು ಬರೆದಿಲ್ಲ. ಅದು ನಿಜವಾದ ದಿನ ಅದನ್ನೂ ಬರೆಯುತ್ತೇನೆ.

ನಿಮ್ಮ ಮಗಳು